ಅರ್ಜಿಯೆಂಬ ಆತ್ಮಕಥನ

ಹೋದ ತಿಂಗಳು ಒಂದು ಭಾನುವಾರ ಊರಿನ ಮನೆಯ ಜಗಲಿಯಲ್ಲಿ ಕೂತು ಅಪ್ಪನ ಡ್ರೈವಿಂಗ್ ಲೈಸೆನ್ಸಿನ ನವೀಕರಣಕ್ಕೆ ಅರ್ಜಿ ತುಂಬುತ್ತಿದ್ದೆ. ಅಪ್ಪನಿಗೆ ಈಗ 68. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಸನ, ಮಂಗಳೂರುಗಳ ನಡುವೆ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದವನು. ಲಾರಿ ಬಿಟ್ಟು ಎಂಟು ವರ್ಷವಾಯಿತು. ಈಗ ಮನೆಯಲ್ಲಿರುವುದು ಒಂದು ಹಳೆಯ ಓಮ್ನಿ. ವಾರಕ್ಕೆರಡು ಸಲ ಅಮ್ಮನನ್ನು ಡಯಾಲಿಸಿಸ್‌ಗೆಂದು ಹಾಸನಕ್ಕೆ ಕರೆದುಕೊಂಡು ಹೋಗುವುದು ಅದರಲ್ಲೇ. ಮಧ್ಯಾಹ್ನ ಹೊರಟರೆ ವಾಪಸಾಗುವಷ್ಟರಲ್ಲಿ ಕತ್ತಲಾಗಿರುತ್ತದೆ.

ಲೈಸೆನ್ಸಿನ ಅವಧಿ ಮುಗಿದಿದೆ ಅಂತ ಗೊತ್ತಾಗಿದ್ದು ಬ್ಯಾಂಕಿನಲ್ಲಿ. ಅಪ್ಪನಿಗೆ ಗುರುತಿನ ಚೀಟಿ ಅಂದರೆ ಇವತ್ತಿಗೂ ಡಿಎಲ್ಲೇ. ಆಧಾರ್ ಬೀರುವಿನಲ್ಲಿರುತ್ತದೆ, ಡಿಎಲ್ ಜೇಬಿನಲ್ಲಿರುತ್ತದೆ. ಕೌಂಟರಿನ ಹುಡುಗಿ ಅದನ್ನು ತಿರುಗಿಸಿ ನೋಡಿ, 'ಇದು ಎಕ್ಸ್‌ಪೈರ್ ಆಗಿ ಎಂಟು ತಿಂಗಳಾಯ್ತಲ್ಲ ಅಜ್ಜ' ಅಂದಳಂತೆ. ಅವತ್ತಿನಿಂದ ಅಪ್ಪ ಸ್ಟಿಯರಿಂಗ್ ಮುಟ್ಟಿಲ್ಲ. ಪಕ್ಕದ ಮನೆಯ ಹುಡುಗ ಓಡಿಸುತ್ತಿದ್ದ. ಅವನೀಗ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟು ನಿಂತಿದ್ದ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಹೊಸಬರ ಹಾಗೆ ಮತ್ತೆ ಟೆಸ್ಟ್ ಕೊಡಬೇಕು. 2019ರ ತಿದ್ದುಪಡಿಗೆ ಮೊದಲು ಇದಕ್ಕೆ ಐದು ವರ್ಷಗಳ ಅವಕಾಶವಿತ್ತು. ನಮಗೆ ಉಳಿದಿದ್ದು ನಾಲ್ಕು ತಿಂಗಳು.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಕವಿತೆ, ಕತೆ, ಶಾಸನಗಳನ್ನೆಲ್ಲ ಪಠ್ಯ ಅಂತ ಓದಿಸುತ್ತೇನೆ. ಅರ್ಜಿಯನ್ನು ಮಾತ್ರ ಪಠ್ಯವೆಂದು ಯಾವತ್ತೂ ಓದಿರಲಿಲ್ಲ. ಆ ಭಾನುವಾರ ಓದಬೇಕಾಗಿ ಬಂತು. ಓದಿದ ಮೇಲೆ, ನಮ್ಮ ಸಾಹಿತ್ಯವೂ ಅದರ ಜೊತೆ ನಮ್ಮ ವಿಮರ್ಶೆಯೂ ಅರ್ಜಿ ಎನ್ನುವ ಕಾಗದವನ್ನು ಅರ್ಧ ಮಾತ್ರ ಓದಿವೆ ಅನ್ನಿಸಿತು. ಆ ಅನಿಸಿಕೆಗೆ ಕಾರಣ ಕೊಡುವುದು ಈ ಬರಹದ ಕೆಲಸ.

ಸಾರಿಗೆ ಕಚೇರಿಯ ಕಿಟಕಿಯ ಮುಂದೆ ನಿಲ್ಲುವವರಲ್ಲಿ ಮುಖ್ಯವಾಗಿ ಮೂರು ಬಗೆ. ಹೊಸದಾಗಿ ಕೇಳುವವರು, ಕಳೆದುಕೊಂಡು ನಕಲು ಪ್ರತಿ ಕೇಳುವವರು, ಅವಧಿ ಮುಗಿದು ನವೀಕರಣ ಕೇಳುವವರು. ಸಾಹಿತ್ಯದ ವಿದ್ಯಾರ್ಥಿಗೆ ಇವು ಮೂರೂ ಪರಿಚಯದ ಕಥಾನಕಗಳು.

ಹೊಸದರಿಂದ ಶುರುಮಾಡೋಣ. ಹದಿನೆಂಟು ತುಂಬಿದ ಹುಡುಗ ಎಲ್‌ಎಲ್‌ಆರ್ ಮಾಡಿಸುತ್ತಾನೆ. ಅದರ ಆಯುಸ್ಸು ಆರು ತಿಂಗಳು. ಮೂವತ್ತು ದಿನ ಕಳೆದ ಮೇಲೆ ಟೆಸ್ಟ್. ನಮ್ಮ ಕಡೆ 'ಎಂಟು ಹಾಕೋದು' ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ: ಕಾಲು ನೆಲಕ್ಕೆ ತಾಗಿಸದೆ ಬೈಕನ್ನು ಎಂಟರ ಆಕಾರದಲ್ಲಿ ತಿರುಗಿಸುವುದು. ಆದರೆ ಎಂಟು ಹಾಕುವುದಕ್ಕೂ ಮೊದಲು ಅವನು ಒಂದು ಕಾಲಂ ತುಂಬಬೇಕು. ಯಾರ ಮಗ, ಯಾರ ಮಗಳು, ಯಾರ ಹೆಂಡತಿ ಎಂಬ ಕಾಲಂ. ನಮ್ಮಲ್ಲಿ ಬಹುತೇಕರು ಯೋಚನೆ ಮಾಡದೆ ತುಂಬುವ ಗೆರೆ ಅದು. ಅನಂತಮೂರ್ತಿಯವರ 'ಭವ'ವನ್ನು ಓದಿದವರಿಗೆ ಆ ಗೆರೆಯ ಮುಂದೆ ಪೆನ್ನು ಸ್ವಲ್ಪ ನಿಲ್ಲಬೇಕು. ಆ ಕಾದಂಬರಿಯಲ್ಲಿ ರೈಲಿನಲ್ಲಿ ಎದುರು ಕೂತವನ ಕೊರಳಲ್ಲಿ ಒಂದು ಶ್ರೀಚಕ್ರದ ತಾಯಿತ ಕಾಣುತ್ತದೆ. ಕಂಡವನಿಗೆ ತನ್ನ ಇಡೀ ಬದುಕು ಅಲುಗಾಡುತ್ತದೆ. ಇವನು ನನ್ನ ಮಗನೋ ಅಲ್ಲವೋ ಎಂಬ ಪ್ರಶ್ನೆಗೆ ಕಾದಂಬರಿ ಕೊನೆಯವರೆಗೂ ಖಚಿತ ಉತ್ತರ ಕೊಡುವುದಿಲ್ಲ. ಮುಂದಿನ ತಲೆಮಾರಿನಲ್ಲಿ ಅದೇ ಪ್ರಶ್ನೆ ಇನ್ನೊಂದು ಜೋಡಿಯನ್ನು ಹಿಡಿಯುತ್ತದೆ. ಅರ್ಜಿ ಒಂದೇ ಹೆಸರಿಗೆ ಜಾಗ ಬಿಟ್ಟಿರುತ್ತದೆ, ಕಾದಂಬರಿ ಆ ಜಾಗವನ್ನು ಖಾಲಿ ಬಿಡುವ ಧೈರ್ಯ ಮಾಡುತ್ತದೆ. ಇಲ್ಲಿಯವರೆಗೆ ನಾವು ತರಗತಿಯಲ್ಲಿ ಹೇಳಿಕೊಂಡು ಬಂದಿರುವುದು ಸರಿಯಾಗೇ ಇದೆ. ದಾಖಲೆಗೆ ತಾಳೆ ಬೇಕು, ಸಾಹಿತ್ಯ ತಾಳೆಯಾಗದ ಕಡೆ ಹುಟ್ಟುತ್ತದೆ.

ತಾಳೆಯ ಮಾತು ಬಂದಾಗ 'ಹಯವದನ' ನೆನಪಾಗದೆ ಇರುವುದಿಲ್ಲ. ಗಿರೀಶ ಕಾರ್ನಾಡರ ಈ ನಾಟಕ ಬಂದಿದ್ದು 1971ರಲ್ಲಿ, ಆಧಾರ್ ಎಂಬ ಮಾತು ಹುಟ್ಟುವ ಎಷ್ಟೋ ಮೊದಲು. ಪಂಡಿತನ ಮನೆಯ ದೇವದತ್ತ, ಕಮ್ಮಾರನ ಮಗ ಕಪಿಲ. ಕಾಳಿಯ ಗುಡಿಯಲ್ಲಿ ಅವಸರದಲ್ಲಿ ತಲೆ ಅದಲುಬದಲಾಗಿ ಕೂರುತ್ತದೆ. ಈಗ ದೇವದತ್ತ ಯಾರು? ಋಷಿಯ ತೀರ್ಪು, ತಲೆ ಯಾರದೋ ಅವನೇ ದೇವದತ್ತ. ಇದೇ ಇಬ್ಬರನ್ನು ಇವತ್ತಿನ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ನೋಡಿ. ಮುಖ ಮತ್ತು ಎರಡು ಪಾಪೆ 'ದೇವದತ್ತ' ಅನ್ನುತ್ತವೆ. ಹತ್ತು ಬೆರಳು 'ಕಪಿಲ' ಅನ್ನುತ್ತವೆ. ಋಷಿಗೆ ಸುಲಭವಾಗಿದ್ದ ತೀರ್ಪು ಯಂತ್ರಕ್ಕೆ ಆಗುವುದಿಲ್ಲ. ಕಪಿಲನ ವಾದವೂ ಇದೇ ಅಲ್ಲವೇ? ಮೈಗೂ ತನ್ನದೇ ನೆನಪಿದೆ ಎಂದು ಅವನು ನಾಟಕದುದ್ದಕ್ಕೂ ನಂಬುತ್ತಾನೆ.

ಅಪ್ಪನ ಬೆರಳುಗಳಿಗೂ ನೆನಪು ಜಾಸ್ತಿ. ಸ್ಟಿಯರಿಂಗು, ಲೋಡು ಬಿಗಿಯುವ ಹಗ್ಗ, ಜ್ಯಾಕಿ, ಇವೆಲ್ಲ ಸೇರಿ ಹೆಬ್ಬೆಟ್ಟಿನ ಗೆರೆಗಳನ್ನು ತೇಯ್ದು ಹಾಕಿವೆ. ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ನಾಲ್ಕು ಸಲ ಒತ್ತಿದರೂ ಅದು ಒಪ್ಪುವುದಿಲ್ಲ. ದುಡಿದವನ ಕೈ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ, ಆದರೆ ಯಂತ್ರಕ್ಕೆ ಅದೇ ಅನುಮಾನದ ಕಾರಣ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. 2018ರ ಸೆಪ್ಟೆಂಬರ್‌ನಲ್ಲಿ ಐವರ ಪೀಠ ಬಹುಮತದಿಂದ ಆಧಾರ್ ಅನ್ನು ಕೆಲವು ಮಿತಿಗಳೊಂದಿಗೆ ಎತ್ತಿಹಿಡಿಯಿತು. ಮನುಷ್ಯನ ಮೈಯನ್ನು ದಾಖಲೆ ಮಾಡುವ ಹಕ್ಕು ಸರ್ಕಾರಕ್ಕೆ ಎಷ್ಟಿದೆ ಎಂಬ ಪ್ರಶ್ನೆಯನ್ನು ನಮ್ಮ ಕಾಲ ಕೇಳಿದ್ದು ನ್ಯಾಯಾಲಯದಲ್ಲಿ. ಮೈ ಯಾರದು ಎಂಬ ಪ್ರಶ್ನೆಯನ್ನು ನಮ್ಮ ರಂಗಭೂಮಿ ಅದಕ್ಕೂ ಮೊದಲೇ ಕೇಳಿತ್ತು.

ಎರಡನೆಯ ಬಗೆ ಕಳೆದುಕೊಂಡವರದು. ಡಿಎಲ್ ಕಳೆದರೆ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ವರದಿ ದಾಖಲಿಸಿ, ಆ ಪ್ರತಿಯನ್ನು ಲಗತ್ತಿಸಿ ನಕಲು ಪ್ರತಿಗೆ ಅರ್ಜಿ ಹಾಕುತ್ತೇವೆ. ಬಸವಪ್ಪ ಶಾಸ್ತ್ರಿಗಳ ಕಾಲದಿಂದಲೂ ಕನ್ನಡಕ್ಕೆ ಮತ್ತೆ ಮತ್ತೆ ಬಂದಿರುವ 'ಶಾಕುಂತಲ' ಇದೇ ಕತೆ. ದೂರ್ವಾಸನ ಶಾಪ, ನೀರಿನಲ್ಲಿ ಜಾರಿಹೋದ ಉಂಗುರ, ಗುರುತು ಹಿಡಿಯದ ರಾಜ, ಮೀನಿನ ಹೊಟ್ಟೆಯಲ್ಲಿ ಸಿಕ್ಕ ಉಂಗುರ. ಅದನ್ನು ಹುಡುಕಿಕೊಟ್ಟ ಬೆಸ್ತನನ್ನು ಕಾವಲುಗಾರರು ಕಳ್ಳನೆಂದು ಹಿಡಿದು ಬಡಿಯುತ್ತಾರೆ, ಆಮೇಲೆ ಅವನಿಗೆ ಬಂದ ಇನಾಮಿನಲ್ಲಿ ಪಾಲು ತೆಗೆದುಕೊಂಡು ಅವನ ಜೊತೆಗೇ ಹೆಂಡದಂಗಡಿಗೆ ಹೊರಡುತ್ತಾರೆ. ಕಚೇರಿಯ ಆವರಣವನ್ನು ಅಷ್ಟು ಚೆನ್ನಾಗಿ ಕಂಡ ದೃಶ್ಯ ಹಳೆಯ ನಾಟಕಗಳಲ್ಲಿ ಕಡಿಮೆ.

ಆದರೆ ಈ ಉಂಗುರ ಕಾಳಿದಾಸನದು. ಮಹಾಭಾರತದ ಶಕುಂತಲೆಯ ಬಳಿ ಉಂಗುರವೂ ಇಲ್ಲ, ಶಾಪವೂ ಇಲ್ಲ. ಅಲ್ಲಿನ ದುಷ್ಯಂತನಿಗೆ ಅವಳು ಯಾರೆಂದು ಚೆನ್ನಾಗಿ ಗೊತ್ತು, ಗೊತ್ತಿಲ್ಲದವನಂತೆ ನಟಿಸುತ್ತಾನೆ. ಅಶರೀರವಾಣಿ ಹೇಳಿದ ಮೇಲೆ ಒಪ್ಪಿಕೊಂಡು, ತಾನೊಬ್ಬನೇ ನಂಬಿ ಸ್ವೀಕರಿಸಿದ್ದರೆ ಜನ ಅನುಮಾನಿಸುತ್ತಿದ್ದರು ಎಂದು ಸಮಜಾಯಿಷಿ ಕೊಡುತ್ತಾನೆ. ನಾವೆಲ್ಲ ಈ ದುಷ್ಯಂತನನ್ನು ಬೈದುಕೊಂಡೇ ಓದಿದ್ದೇವೆ. ಬೈಯುವುದಕ್ಕೆ ಕಾರಣವೂ ಇದೆ, ಆ ನಟನೆಯ ಹೊತ್ತಿನಲ್ಲಿ ಅವಮಾನ ಉಂಡವಳು ಶಕುಂತಲೆ. ಹಾಗಿದ್ದರೂ ಅವನ ಸಮಜಾಯಿಷಿಯಲ್ಲಿ ಒಂದು ತಿರುಳಿದೆ. ನನಗೆ ಗೊತ್ತು ಎನ್ನುವುದು ಸಾಲದು, ಇಲ್ಲಿ ಇಲ್ಲದವರಿಗೂ ಗೊತ್ತಾಗಬೇಕು. ಇಪ್ಪತ್ತು ವರ್ಷದಿಂದ ನಮ್ಮ ಮುಖ ನೋಡಿರುವ ಗುಮಾಸ್ತ 'ಐಡಿ ಕೊಡಿ ಸಾರ್' ಅಂದಾಗ ನಮಗೆ ಕೋಪ ಬರುತ್ತದೆ. ಅವನ ಹಿಂದೆ ನಿಂತಿರುವ, ನಮಗೆ ಕಾಣದ ಜನರ ಪರವಾಗಿ ಅವನು ಕೇಳುತ್ತಿರಬಹುದು ಅಂತ ನಮಗೆ ಹೊಳೆಯುವುದಿಲ್ಲ.

ಹೊಳೆಯದಿರುವುದಕ್ಕೆ ನಮ್ಮ ಓದೂ ಒಂದು ಕಾರಣ. ನನ್ನ ತಲೆಮಾರಿನ ಕನ್ನಡ ಓದುಗರಿಗೆ ಅರ್ಜಿ ಅಂದರೆ ತೇಜಸ್ವಿಯವರ 'ತಬರನ ಕಥೆ'. ಜೀವಮಾನವೆಲ್ಲ ಸರ್ಕಾರಕ್ಕೆ ನಿಷ್ಠೆಯಿಂದ ದುಡಿದ ತಬರ ನಿವೃತ್ತಿ ವೇತನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಯಿಲೆ ಏರುತ್ತಾ ಹೋಗುತ್ತದೆ, ಇಲ್ಲಿ ಕಡತ ಕದಲುವುದಿಲ್ಲ. ಗಿರೀಶ ಕಾಸರವಳ್ಳಿಯವರು ಅದನ್ನು ಸಿನಿಮಾ ಮಾಡಿದರು, ತಬರನ ಪಾತ್ರಕ್ಕೆ ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಮುಖ ಒಮ್ಮೆ ನೋಡಿದವರಿಗೆ ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತುವಾಗೆಲ್ಲ ನೆನಪಾಗುತ್ತದೆ. ತೇಜಸ್ವಿ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ತಬರ ಕೇಳುತ್ತಿರುವುದು ತಾನು ಈಗಾಗಲೇ ದುಡಿದು ಗಳಿಸಿದ್ದನ್ನು. ಅಲ್ಲಿ ಫಾರಂ ಕೇಳುವ ಪ್ರತಿಯೊಂದು ಹೆಚ್ಚಿನ ಪ್ರಶ್ನೆಯೂ ಅನ್ಯಾಯವೇ.

ತಪ್ಪು ಆದದ್ದು ಆಮೇಲೆ, ನಮ್ಮ ಕಡೆಯಿಂದ. ತಬರನ ಕಣ್ಣನ್ನು ನಾವು ಎಲ್ಲ ಅರ್ಜಿಗಳ ಮೇಲೂ ಇಟ್ಟೆವು. ಎಷ್ಟೋ ಕತೆಗಳು, ಪ್ರಬಂಧಗಳು, ಅಂಕಣಗಳಲ್ಲಿ ಅರ್ಜಿ ಎಂದರೆ ಹಿಂಸೆ, ಅರ್ಜಿದಾರ ಎಂದರೆ ಮುಗ್ಧ, ಕಿಟಕಿಯ ಆಚೆಯವನು ಕಟುಕ. ಪಿಂಚಣಿಯ ಅರ್ಜಿಯಲ್ಲಿ ಇರುವುದು ಇಬ್ಬರು, ಕೊಡಬೇಕಾದವರು ಮತ್ತು ಪಡೆಯಬೇಕಾದವರು. ಲೈಸೆನ್ಸಿನ ಅರ್ಜಿಯಲ್ಲಿ ಮೂರನೆಯವರಿದ್ದಾರೆ. ರಸ್ತೆಯ ಬದಿಯಲ್ಲಿ ಹುಲ್ಲಿನ ಹೊರೆ ಹೊತ್ತು ಬರುತ್ತಿರುವ ಹೆಂಗಸು, ಸೈಕಲ್ಲಿನ ಹುಡುಗ. ಅವರು ಅರ್ಜಿ ಹಾಕಿಲ್ಲ, ಸಾಲಿನಲ್ಲಿ ನಿಂತಿಲ್ಲ, ಫಾರಂನಲ್ಲಿ ಅವರ ಹೆಸರಿಗೆ ಕಾಲಂ ಇಲ್ಲ. ಆದರೆ ಪ್ರಶ್ನೆಗಳನ್ನೆಲ್ಲ ಕೇಳುತ್ತಿರುವುದು ಅವರ ಪರವಾಗಿಯೇ. ಇದನ್ನು ನಾನು ಯಾವ ವಿಮರ್ಶೆಯ ಪುಸ್ತಕದಿಂದಲೂ ಕಲಿಯಲಿಲ್ಲ. ಅದಕ್ಕೇ ಮೂರನೆಯ ಬಗೆಗೆ, ಅಂದರೆ ನಮ್ಮ ಜಗಲಿಗೆ ವಾಪಸು ಬರುತ್ತೇನೆ.

ನವೀಕರಣದ ಅರ್ಜಿಯ ಜೊತೆ ಎರಡು ಕಾಗದಗಳಿದ್ದವು. ಫಾರಂ 1 ಅಂದರೆ ಅರ್ಜಿದಾರ ತನ್ನ ದೇಹಸ್ಥಿತಿಯ ಬಗ್ಗೆ ತಾನೇ ಕೊಡುವ ಘೋಷಣೆ. ಫಾರಂ 1ಎ ಅಂದರೆ ವೈದ್ಯರ ಪ್ರಮಾಣಪತ್ರ, ನಲವತ್ತು ದಾಟಿದವರಿಗೆ ಬೇಕು. ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಉತ್ತಮ ಪುರುಷದ ಕಥನ, ಎರಡನೆಯದು ಪ್ರಥಮ ಪುರುಷದ್ದು. ಒಬ್ಬ ಮನುಷ್ಯನ ಬಗ್ಗೆ ಅವನದೇ ಮಾತನ್ನು ಮೊದಲು ಕೇಳಿ, ಆಮೇಲೆ ಇನ್ನೊಬ್ಬರ ಮಾತನ್ನು ಪಕ್ಕಕ್ಕೆ ಇಟ್ಟು ನೋಡುವ ಈ ಕ್ರಮ ಕಾದಂಬರಿ ಓದುವವರಿಗೆ ಹೊಸದಲ್ಲ.

ಫಾರಂ ಇಂಗ್ಲಿಷಿನಲ್ಲಿತ್ತು. ನಾನು ಒಂದೊಂದೇ ಪ್ರಶ್ನೆಯನ್ನು ಕನ್ನಡ ಮಾಡಿ ಕೇಳುತ್ತಾ ಹೋದೆ. ಮೂರ್ಛೆ ರೋಗವಾಗಲಿ ಇದ್ದಕ್ಕಿದ್ದ ಹಾಗೆ ತಲೆಸುತ್ತುವುದಾಗಲಿ ಇದೆಯಾ? ಇಲ್ಲ. ಒಳ್ಳೆಯ ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಬಲ್ಲೆಯಾ? ಅಪ್ಪ ಅಂಗಳದಾಚೆ ನಿಂತಿದ್ದ ಬೈಕಿನ ನಂಬರು ಓದಿ ತೋರಿಸಿದ. ಕೈಕಾಲು ನೆಟ್ಟಗಿವೆಯಾ? ಕೆಂಪು, ಹಸಿರು ಬೇರೆ ಬೇರೆ ಕಾಣುತ್ತವೆಯಾ? ಹಾರನ್ ಕೇಳಿಸುತ್ತದೆಯಾ? ಎಲ್ಲಕ್ಕೂ ಉತ್ತರ ಸಿದ್ಧವಿತ್ತು. ಒಂದೇ ಒಂದು ಪ್ರಶ್ನೆಗೆ ಅಪ್ಪ ತಡೆದ. ಇರುಳುಗುರುಡು ಇದೆಯಾ?

'ಇರುಳುಗುರುಡು ಅಂದ್ರೆ? ಕತ್ತಲಲ್ಲಿ ಏನೇನೂ ಕಾಣ್ದೆ ಇರೋದಾ?'

'ಹೂಂ. ಅದೊಂದು ಕಾಯಿಲೆ. ನಿಂಗೆ ಹಂಗೇನಿಲ್ವಲ್ಲ.'

'ಹಂಗಲ್ಲ ಮಗ. ಕತ್ತಲು ಕಾಣುತ್ತೆ. ಆದ್ರೆ ಎದುರಿಂದ ಗಾಡಿ ಬಂದು ಲೈಟು ಕಣ್ಣಿಗೆ ಹೊಡೀತಲ್ಲ, ಆಮೇಲೆ ಒಂದು ಗಳಿಗೆ ಬದೀಲಿ ನಡೀತಿರೋರು ಕಾಣಲ್ಲ. ಮೊದ್ಲು ಹಿಂಗಿರ್ಲಿಲ್ಲ. ಈಗೆರಡು ವರ್ಷದಿಂದ.'

ಆ ಕ್ಷಣದಲ್ಲಿ ನಾನು ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ಪಠ್ಯವನ್ನು ಬಿಡಿಸಲು ಕೂತೆ. ಪ್ರಶ್ನೆ ಇರುವುದು ಇರುಳುಗುರುಡಿನ ಬಗ್ಗೆ, ಅದಕ್ಕೆ ವೈದ್ಯಕೀಯದಲ್ಲಿ ಖಚಿತವಾದ ಅರ್ಥವಿದೆ, ನಿನಗಿರುವುದು ಅದಲ್ಲ, ಆದ್ದರಿಂದ 'ಇಲ್ಲ' ಅಂತ ಬರೆದರೆ ಸುಳ್ಳಾಗುವುದಿಲ್ಲ. ಪದವನ್ನು ಅಷ್ಟು ಹತ್ತಿರದಿಂದ ಓದುವುದನ್ನು ನಾನು ವರ್ಷಗಟ್ಟಲೆ ಕಲಿಸಿದ್ದೇನೆ. ನನ್ನ ಕಣ್ಣ ಮುಂದೆ ಇದ್ದದ್ದು ಹೊರಟು ನಿಂತ ಪಕ್ಕದ ಮನೆಯ ಹುಡುಗ, ಗುರುವಾರದ ಡಯಾಲಿಸಿಸ್, ನಾಲ್ಕು ತಿಂಗಳ ಗಡುವು. ಫಾರಂ ನನ್ನ ಎದುರಾಳಿಯಾಗಿತ್ತು, ಎದುರಾಳಿಯ ಮಾತಿನಲ್ಲಿ ಸಂದು ಹುಡುಕುವುದು ನನಗೆ ಸಹಜವಾಗಿ ಬಂತು. ಕಚೇರಿಯ ಹತ್ತಿರ ಫಾರಂ 1ಎ ಡಾಕ್ಟರ ಸಹಿಯ ಸಮೇತವೇ ಸಿಗುತ್ತದೆ ಅಂತ ಯಾರೋ ಹೇಳಿದ್ದೂ ನೆನಪಾಯಿತು.

ಅಪ್ಪ ಕೇಳಿದ, 'ಇದೇ ಕೊನೇದಾ? ಇನ್ನೇನಾದ್ರೂ ಕೇಳವ್ರಾ?'

ಇನ್ನೊಂದು ಇತ್ತು. ನೀನು ಗಾಡಿ ಓಡಿಸುವುದರಿಂದ ಜನರಿಗೆ ಅಪಾಯವಾಗುವಂಥ ಬೇರೆ ಯಾವುದಾದರೂ ಕಾಯಿಲೆ, ಕೊರತೆ ಇದೆಯಾ, ಇದ್ದರೆ ವಿವರ ಕೊಡು ಎಂಬರ್ಥದ ಪ್ರಶ್ನೆ. ಅನುವಾದ ಮಾಡಿ ಹೇಳಿದೆ. ಹೇಳುವಾಗ ದನಿ ಸ್ವಲ್ಪ ಇಳಿಸಿದೆ ಅಂತ ಕಾಣುತ್ತದೆ. ಅಪ್ಪ ಕೂಡಲೇ, 'ಮತ್ತೆ ಅದ್ನೇ ಅಲ್ವಾ ನಾನು ಹೇಳಿದ್ದು? ಅಲ್ಲಿ ಬರಿ' ಅಂದ.

'ಬರೆದ್ರೆ ಡಾಕ್ಟ್ರು ಸಹಿ ಹಾಕದೇ ಇರಬಹುದು ಅಪ್ಪ. ಅಮ್ಮನ್ನ ಯಾರು ಕರ್ಕೊಂಡು ಹೋಗ್ತಾರೆ?'

ಒಳಗಿನಿಂದ ಅಮ್ಮ ಅಂದಳು, 'ನನ್ ಹೆಸರು ಹೇಳಿ ಸುಳ್ಳು ಬರೀಬ್ಯಾಡ ಕಣಪ್ಪ.'

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಘಾಟಿಯ ಮಾತು ತೆಗೆದ. ಮಳೆಗಾಲದ ರಾತ್ರಿ, ಎದುರಿನ ಲಾರಿಯವನು ಡಿಮ್ ಮಾಡದೆ ಬಂದಾಗ, ಅವನಿಗೆ ಕಣ್ಣು ಸರಿಯಿದೆ ಎಂಬ ಒಂದೇ ನಂಬಿಕೆಯ ಮೇಲೆ ತಾನು ಗಾಡಿಯನ್ನು ಅಂಚಿಗೆ ಒತ್ತುತ್ತಿದ್ದೆ ಅಂದ. 'ಅವ್ನು ಯಾರೋ ಏನೋ, ಮುಖ ನೋಡಿಲ್ಲ. ಅವ್ನೂ ಇಂಥದ್ದೊಂದು ಫಾರಂ ತುಂಬಿರ್ತಾನೆ ಅಲ್ವಾ?'

ಅಲ್ಲಿಗೆ ನನ್ನ ಓದು ಸೋತಿತು. ಒಂದೇ ಪಠ್ಯಕ್ಕೆ ಅಲ್ಲಿ ಎರಡು ಓದುಗಳಿದ್ದವು. ನಾನು ಪದಕ್ಕೆ ಜೋತುಬಿದ್ದು ಓದಿದೆ, ನನಗೆ ಬೇಕಾದ ಉತ್ತರ ಮೊದಲೇ ಸಿದ್ಧವಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪ ಇಡೀ ಫಾರಂ ಯಾಕೆ ಬರೆಯಲ್ಪಟ್ಟಿದೆ ಎಂಬುದನ್ನು ಹಿಡಿದು ಓದಿದ. ಈ ಫಾರಂ ನಡೆಯುವುದೇ ಅರ್ಜಿದಾರನ ಬಾಯಿಮಾತಿನ ಮೇಲೆ. ರಾತ್ರಿ ಒಬ್ಬನಿಗೆ ಎಷ್ಟು ಕಾಣುತ್ತದೆ ಎಂಬುದನ್ನು ಕಿಟಕಿಯ ಆಚೆಯವರು ಕಂಡುಹಿಡಿಯಲಾರರು; ಅದು ಓಡಿಸುವವನಿಗೆ ಮಾತ್ರ ಗೊತ್ತು. ಆತ್ಮಕಥನದ ಬಗ್ಗೆ ನಾವು ಕೇಳುವ ಹಳೆಯ ಪ್ರಶ್ನೆ, ಬರೆದವನು ತನಗೆ ಮಾತ್ರ ಗೊತ್ತಿರುವ ಸತ್ಯವನ್ನು ತನಗೆ ನಷ್ಟವಾಗುವ ಕಡೆಯೂ ಬರೆದಿದ್ದಾನೆಯೇ ಎಂಬುದು. ಅದನ್ನು ನಮ್ಮ ದೊಡ್ಡ ಲೇಖಕರ ಆತ್ಮಕಥೆಗಳಿಗೆ ಕೇಳಿದ್ದೇವೆ. ಫಾರಂ 1ಕ್ಕೆ ಕೇಳಿಲ್ಲ.

ಹಾಗೆಂದ ಮಾತ್ರಕ್ಕೆ ಸಾರಿಗೆ ಕಚೇರಿಗಳು ಪುಣ್ಯಕ್ಷೇತ್ರಗಳು ಅಂತ ನಾನು ಹೇಳುತ್ತಿಲ್ಲ. ಏಜೆಂಟರ ಜೇಬು, ಬೇಕಂತಲೇ ತಿರುಗಿಸುವ ಕಡತ, ಇನಿಶಿಯಲ್ ಒಂದು ಚುಕ್ಕೆ ಆಚೀಚೆಯಾದರೆ ವಾಪಸು ಬರುವ ಅರ್ಜಿ ಎಲ್ಲ ಇವೆ. ಡಯಾಲಿಸಿಸ್‌ಗೆ ಹಳ್ಳಿಯಿಂದ ಹೋಗಿಬರಲು ಸಾಯಂಕಾಲ ಒಂದು ಬಸ್ಸಿದ್ದರೆ 68ರ ಮನುಷ್ಯ ರಾತ್ರಿ ಗಾಡಿ ಓಡಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಆ ಬಸ್ಸಿಗೆ ಯಾವ ಫಾರಂ ತುಂಬಬೇಕೋ ಯಾರೂ ಹೇಳುವುದಿಲ್ಲ. ಅಲ್ಲಿ ತಬರನ ಕಣ್ಣೇ ಬೇಕು. ಆದರೆ ಅದೇ ಕಣ್ಣಿನಿಂದ ಪ್ರತಿ ಪ್ರಶ್ನೆಯನ್ನೂ ಹಿಂಸೆಯೆಂದು ಓದಿದರೆ ನ್ಯಾಯವಾದ ಪ್ರಶ್ನೆಗೂ ನಾವು ಸುಳ್ಳು ಉತ್ತರ ಕೊಡುತ್ತೇವೆ, ಕೊಟ್ಟು ಅದನ್ನು ಪ್ರತಿಭಟನೆ ಅಂದುಕೊಳ್ಳುತ್ತೇವೆ. ಕನ್ನಡದಲ್ಲಿ ಅರ್ಜಿದಾರನ ಸಂಕಟದ ಕತೆ ಬೇಕಾದಷ್ಟಿವೆ. ಅರ್ಜಿದಾರನ ಪ್ರಾಮಾಣಿಕತೆಯೇ ಸಂಕಟವಾಗುವ ಕತೆಯನ್ನು ನಾನಿನ್ನೂ ಓದಬೇಕಾಗಿದೆ.

ವಿವರಕ್ಕೆ ಬಿಟ್ಟಿದ್ದ ಜಾಗದಲ್ಲಿ ಅಪ್ಪನ ಎರಡು ವಾಕ್ಯ ಹಿಡಿಸಲಿಲ್ಲ. ಅಂಚಿಗೆ ಸಣ್ಣಕ್ಷರದಲ್ಲಿ ಬರೆದೆ. ಅಪ್ಪ ಕೆಳಗೆ ಸಹಿ ಮಾಡಿದ, ಇಂಗ್ಲಿಷಿನಲ್ಲಿ, ಲೋಡಿನ ಬಿಲ್ಲುಗಳ ಮೇಲೆ ಮಾಡುತ್ತಿದ್ದ ಅದೇ ಓರೆ ಸಹಿ.

ಹಾಸನದ ಕಣ್ಣಿನ ಡಾಕ್ಟರು ಫಾರಂ ಓದಿ, ಕಣ್ಣಿಗೆ ದೀಪ ಹಿಡಿದು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂದರು. ಒಂದಾದ ಮೇಲೊಂದು ಆಪರೇಷನ್ ಆಗಲಿ, ಆಮೇಲೆ ನೋಡೋಣ ಎಂದು ಫಾರಂ 1ಎ ತುಂಬದೆ ವಾಪಸು ಕೊಟ್ಟರು. ಮೊದಲನೆಯದು ಹೋದ ವಾರ ಆಯಿತು. ಅಮ್ಮನ ಡಯಾಲಿಸಿಸ್ ಬೆಳಗಿನ ಪಾಳಿಗೆ ಬದಲಾಗಿದೆ. ಸದ್ಯಕ್ಕೆ ಆಟೋ ಗೊತ್ತು ಮಾಡಿದ್ದೇವೆ, ಖರ್ಚು ಹೆಚ್ಚು. ಗಡುವಿಗೆ ಮೂರು ತಿಂಗಳು ಉಳಿದಿದೆ. ಅಷ್ಟರೊಳಗೆ ಆಗುತ್ತದೋ, ಅಪ್ಪ ಹುಡುಗರ ಜೊತೆ ಸಾಲಿನಲ್ಲಿ ನಿಂತು ಮತ್ತೆ ಟೆಸ್ಟ್ ಕೊಡಬೇಕಾಗುತ್ತದೋ ನೋಡಬೇಕು. ಕೊಡಬೇಕಾದರೆ ಕೊಡ್ತೀನಿ ಬಿಡು ಅನ್ನುತ್ತಾನೆ.

ಬರುವ ವಾರ ನನ್ನ ತರಗತಿಯಲ್ಲಿ 'ತಬರನ ಕಥೆ' ಇದೆ. ಈ ಸಲ ಕತೆಯ ಜೊತೆಗೆ ಖಾಲಿ ಫಾರಂ 1ರ ಜೆರಾಕ್ಸನ್ನೂ ಹಂಚಬೇಕೆಂದಿದ್ದೇನೆ. ಹುಡುಗರಲ್ಲಿ ಅರ್ಧಕ್ಕರ್ಧ ಜನ ಬೈಕಿನಲ್ಲೇ ಬರುವವರು. ಕತೆ ಓದಿ ಮುಗಿಸಿ, ಆಮೇಲೆ ಫಾರಂನ ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ಹೇಳುತ್ತೇನೆ.